ನಲವತ್ತು ದಿನ ಕಾಯದ ಹವಳ

ಸೋಮವಾರ ಬೆಳಗ್ಗೆ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತೆಗೆದು, ಕಾಯುವ ಕೋಣೆಯ ಮೀನಿನ ಟ್ಯಾಂಕಿಗೆ ದೀಪ ಹಾಕಿದ ಸೊಸೆಗೆ ಗಾಜಿನ ಒಳಮೈಯಲ್ಲಿ ಒಂದು ಕಂದು ಚುಕ್ಕೆ ಕಾಣಿಸಿತು. ಪಾಚಿ ಇರಬೇಕೆಂದು ಉಜ್ಜುವ ಬ್ರಷ್ ಕೈಗೆತ್ತಿಕೊಂಡಳು. ಬ್ರಷ್ ನೀರಿಗಿಳಿಯುವಷ್ಟರಲ್ಲಿ ಚುಕ್ಕೆ ಒಂದು ಬೆರಳಿನಷ್ಟು ಆಚೆ ಜರುಗಿತ್ತು. ಜರುಗುವ ಪಾಚಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. ಬಗ್ಗಿ ನೋಡಿದಳು. ಎಳ್ಳಿಗಿಂತ ತುಸು ದೊಡ್ಡದು, ತುಕ್ಕಿನ ಬಣ್ಣ, ಕಾಗದದಷ್ಟು ಚಪ್ಪಟೆ, ಹಿಂದೆ ಎರಡು ಪುಟ್ಟ ಬಾಲ. ಅದರ ಪಕ್ಕದಲ್ಲಿ ಇನ್ನೊಂದು. ಕೆಳಗಿನ ಕಲ್ಲಿನ ಮೇಲೆ ಹತ್ತು ಹದಿನೈದು. ದೀಪದ ಬೆಳಕು ಚೆನ್ನಾಗಿ ಬೀಳುವ ಮೂಲೆಯಲ್ಲಂತೂ ಎಣಿಸುವ ಹಾಗೇ ಇರಲಿಲ್ಲ. ಇವು ಎಲ್ಲಿಂದ ಬಂದವು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಅವಳಿಗೆ ಗೊತ್ತಿತ್ತು.

ಆ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧ ಜನಕ್ಕೆ ಹಲ್ಲುನೋವು, ಉಳಿದರ್ಧ ಜನಕ್ಕೆ ಹಲ್ಲುನೋವಿನ ಜೊತೆಗೆ ಡಾಕ್ಟರಮ್ಮನ ಭಯ. ಡಾಕ್ಟರಮ್ಮ ಎಂದರೆ ಅವಳ ಅತ್ತೆ. ಮೂವತ್ತು ವರ್ಷದಿಂದ ಊರಿನವರ ಬಾಯಿ ತೆರೆಸಿ ತೆರೆಸಿ, ತಾವು ಮಾತ್ರ ಬೈಯಲು ಬಿಟ್ಟರೆ ಬಾಯಿ ಬಿಗಿಹಿಡಿದು ಬದುಕಿದವರು. ಸಿಹಿ ತಿಂದು ಬಂದವರಿಗೆ ಬೈಗುಳ, ಹಲ್ಲುಜ್ಜದೆ ಬಂದವರಿಗೆ ಎರಡು ಬೈಗುಳ, ಉಜ್ಜಿದ್ದೇನೆಂದು ಸುಳ್ಳು ಹೇಳಿದವರಿಗೆ ಬೈಗುಳವೂ ಇಲ್ಲ, ಒಂದು ನೋಟ ಅಷ್ಟೇ. ಆ ನೋಟಕ್ಕಿಂತ ಡ್ರಿಲ್ಲೇ ವಾಸಿ ಎಂದು ಜನ ಹೇಳುತ್ತಿದ್ದರು. ಇಂಥವರು ಹೆದರಿದ ಮಕ್ಕಳಿಗಾಗಿ ಹನ್ನೊಂದು ವರ್ಷದ ಹಿಂದೆ ಕಾಯುವ ಕೋಣೆಯಲ್ಲಿ ಆಳುದ್ದದ ಉಪ್ಪುನೀರಿನ ಟ್ಯಾಂಕ್ ಇಡಿಸಿದ್ದರು. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಂದು ಜೋಡಿ ಮೀನು. ಆ ಜಾತಿಯಲ್ಲಿ ಹೆಂಡತಿಯೇ ದೊಡ್ಡದು, ಗಂಡ ಅವಳ ಹಿಂದೆ ಹಿಂದೆ. ಕಾದು ಕೂತ ಗಂಡಸರು ಅದನ್ನು ನೋಡಿ ನಿಟ್ಟುಸಿರು ಬಿಡುವುದುಂಟು. ನಟ್ಟನಡುವೆ ಒಂದು ಹಸಿರು ಹವಳ. ಹೆಬ್ಬೆಟ್ಟಿನಷ್ಟಿದ್ದುದು ಬೆಳೆದು ಬೆಳೆದು ಪರಾತದಷ್ಟಾಗಿತ್ತು. ನೂರಾರು ಬೆರಳು ಬಿಚ್ಚಿ ಮೆಲ್ಲಗೆ ತೂಗುತ್ತಿತ್ತು. ಮಕ್ಕಳು ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟಿದ್ದರು.

ಸೊಸೆ ಆ ಮನೆಗೆ ಬಂದು ಒಂದೂವರೆ ವರ್ಷ. ಅಡುಗೆಮನೆಯಲ್ಲಿ ಯಾವ ಚಮಚ ಯಾವ ಮೊಳೆಗೆ ಎನ್ನುವುದೂ ಅತ್ತೆಯದೇ ತೀರ್ಮಾನ. ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಅವಳು ಕೂತು ರೋಗಿಗಳಿಗೆ ಸಮಯ ಕೊಡುತ್ತಿದ್ದಳು, ಆದರೆ ಆ ಮೇಜಿನ ಪೆನ್ನು ಎಡಗಡೆ ಇರಬೇಕೋ ಬಲಗಡೆ ಇರಬೇಕೋ ಎನ್ನುವುದೂ ಡಾಕ್ಟರಮ್ಮನದೇ. ಮನೆಯಲ್ಲಿ 'ಅತ್ತೆ', ಕ್ಲಿನಿಕ್ಕಿನಲ್ಲಿ 'ಡಾಕ್ಟ್ರೇ', ಇದೂ ಮೊದಲ ದಿನವೇ ಹಾಕಿಕೊಟ್ಟ ಗೆರೆ. ಗಂಡ ಒಳ್ಳೆಯವನು. ಲಿಫ್ಟ್ ರಿಪೇರಿ ಅವನ ಕೆಲಸ. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೆ ಅಮ್ಮನ ಕಡೆಗೂ ಹೆಂಡತಿಯ ಕಡೆಗೂ ವಾಲದೆ ನಡುವಿನ ಮಹಡಿಯಲ್ಲಿ ನಿಂತುಬಿಡುತ್ತಿದ್ದ. ಹೀಗಿರುವಾಗ ಆರು ತಿಂಗಳ ಹಿಂದೆ ಅತ್ತೆ ಒಂದು ದಿನ ಟ್ಯಾಂಕಿನ ಬೀಗದ ಕೈ ತಂದು ಮೇಜಿನ ಮೇಲಿಟ್ಟು, "ಇನ್ಮೇಲೆ ಇದು ನಿನ್ದು. ನಂಗೆ ಬಗ್ಗಿದ್ರೆ ಸೊಂಟ ಹಿಡಿಯುತ್ತೆ," ಎಂದಿದ್ದರು. ಅಷ್ಟೇ. ಆದರೆ 'ನಿನ್ದು' ಎನ್ನುವ ಮಾತನ್ನು ಆ ಬಾಯಿಂದ ಸೊಸೆ ಕೇಳಿದ್ದು ಅದೇ ಮೊದಲು. ಅವಳು ಅವತ್ತು ಊಟ ಸೇರದಷ್ಟು ಖುಷಿಪಟ್ಟಿದ್ದಳು.

ಟ್ಯಾಂಕಿಗೊಂದು ಕಾನೂನಿತ್ತು. ಹೊಸ ಹವಳವೋ ಹೊಸ ಮೀನೋ ಬಂದರೆ ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಡುವ ಹಾಗಿಲ್ಲ. ಸ್ಟೋರ್ ರೂಮಿನಲ್ಲಿ ಇನ್ನೊಂದು ಪುಟ್ಟ ಟ್ಯಾಂಕಿತ್ತು. ಹೊಸಬರು ಅಲ್ಲಿ ನಲವತ್ತು ದಿನ ಕಾಯಬೇಕು. ರೋಗವಿದ್ದರೆ, ಹುಳವಿದ್ದರೆ, ಅಷ್ಟರಲ್ಲಿ ಹೊರಬೀಳುತ್ತದೆ. ಬಂದ ದಿನ, ಬಿಟ್ಟ ದಿನ ಎರಡನ್ನೂ ಗೋಡೆಯ ಮೇಲೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯಬೇಕು. "ರೋಗಿಗಳು ಕಾಯ್ತಾರೆ, ಹವಳ ಕಾಯಕ್ಕಾಗಲ್ವಾ?" ಎನ್ನುವುದು ಡಾಕ್ಟರಮ್ಮನ ವಾದ.

ಮೂರು ತಿಂಗಳ ಹಿಂದೆ ಒಂದು ನೇರಳೆ ಹವಳದ ತುಂಡು ಬಂದಿತ್ತು, ಬೆರಳ ತುದಿಯಷ್ಟು. ಸೊಸೆಯೇ ಆರಿಸಿ ತಂದ ಮೊದಲ ಹವಳ. ಸ್ಟೋರ್ ರೂಮಿನ ಬಡ ದೀಪದ ಕೆಳಗೆ, ಹತ್ತಿಯ ಡಬ್ಬಿ, ಕೈಗವುಸಿನ ಪೆಟ್ಟಿಗೆಗಳ ನಡುವೆ ಅದು ಮುದುಡಿಕೊಂಡು ಕೂತಿತ್ತು. ದಿನಾ ಬೆಳಗ್ಗೆ ಹೋಗಿ ನೋಡುತ್ತಿದ್ದಳು, ದಿನಾ ಮುದುಡಿಯೇ ಇರುತ್ತಿತ್ತು. ಹದಿಮೂರನೆಯ ದಿನ ಅವಳಿಗೆ ನೋಡಲಾಗಲಿಲ್ಲ. ಪಾಪ, ತನ್ನದಲ್ಲದ ಜಾಗದಲ್ಲಿ ತಂದು ಕೂರಿಸಿ, ಇದರಲ್ಲೇನು ಐಬಿದೆ ಎಂದು ಕಾದು ನೋಡುವುದು ಎಂಥ ಹಿಂಸೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಒಂದೂವರೆ ವರ್ಷವೂ ಹಾಗೇ ಕಳೆದಿತ್ತು. ಹಿಂದೆಮುಂದೆ ನೋಡದೆ ತುಂಡನ್ನು ಎತ್ತಿ ತಂದು ದೊಡ್ಡ ಟ್ಯಾಂಕಿನಲ್ಲಿ ಅಜ್ಜಿ ಹವಳದ ಬೆನ್ನ ಹಿಂದೆ, ಯಾರಿಗೂ ಕಾಣದ ಹಾಗೆ ಇಟ್ಟಳು. ಎರಡು ದಿನದಲ್ಲಿ ಅದು ಅರಳಿ ನಿಂತಿತು. ನಲವತ್ತನೆಯ ದಿನ "ಆಯ್ತಾ ನಲವತ್ತು?" ಎಂದು ಅತ್ತೆ ಕೇಳಿದಾಗ "ಹೂಂ" ಎಂದು, ತುಂಡನ್ನು ಮುಂದಕ್ಕೆ ಸರಿಸಿ, ನೋಟ್‌ಬುಕ್ಕಿನಲ್ಲಿ ಅವತ್ತಿನ ತಾರೀಕು ಬರೆದಳು. ಹವಳ ಬದುಕಿದೆ, ಯಾರಿಗೂ ನಷ್ಟವಿಲ್ಲ, ಒಂದು ತಾರೀಕು ತಾನೇ ಎಂದುಕೊಂಡಳು.

ಆ ತಾರೀಕು ಈಗ ಗಾಜಿನ ಮೇಲೆ ತೆವಳುತ್ತಿತ್ತು.

ಒಂಬತ್ತಕ್ಕೆ ಡಾಕ್ಟರಮ್ಮ ಬಂದರು. ಚಪ್ಪಲಿ ಬಿಡುವ ಮೊದಲೇ ಟ್ಯಾಂಕಿನ ಕಡೆ ಕಣ್ಣು ಹಾಯಿಸುವುದು ಅವರ ಅಭ್ಯಾಸ. ಕನ್ನಡಕ ಮೇಲೇರಿಸಿ ಗಾಜಿಗೆ ಮೂಗು ತಾಗಿಸಿ ನಿಂತರು. ಆಮೇಲೆ ಹಲ್ಲು ನೋಡುವ ಭೂತಗನ್ನಡಿ ತರಿಸಿ ನೋಡಿದರು.

"ಚಪ್ಪಟೆ ಹುಳ," ಎಂದರು. "ಒಂದು ಹರಿದು ಎರಡಾಗುತ್ತೆ, ಎರಡು ಹರಿದು ನಾಲ್ಕು. ಬೆಳಕು ಬೀಳೋ ಕಡೆಯೆಲ್ಲಾ ಹಾಸ್ಕೊಂಡು ಹವಳದ ಉಸಿರು ಕಟ್ಟಿಸ್ತವೆ. ಹನ್ನೊಂದು ವರ್ಷದಲ್ಲಿ ಒಂದು ಹುಳ ಕಂಡಿಲ್ಲ ನಾನು. ಕೊನೇಗೆ ಬಂದಿದ್ದು ಆ ನೇರಳೆ ತುಂಡು. ನೋಟ್‌ಬುಕ್ ತಗೊಂಡು ಬಾ."

ಸೊಸೆ ತಂದುಕೊಟ್ಟಳು. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ಬಂದ ದಿನ, ಬಿಟ್ಟ ದಿನ, ಸರಿಯಾಗಿ ನಲವತ್ತು. "ನಲವತ್ತು ದಿನ ಇಟ್ಟೂ ಹುಳ ಅಂದ್ರೆ ಆ ಮನುಷ್ಯ ಎಂಥಾ ಮಾಲು ಮಾರ್ತಿದಾನೆ!" ಎಂದವರೇ ಫೋನ್ ಎತ್ತಿದರು.

ಆ ಮನುಷ್ಯ ಎಂದರೆ ಉಪ್ಪಣ್ಣ. ಊರಿನಲ್ಲಿ ಉಪ್ಪುನೀರಿನ ಮೀನು, ಹವಳ ಮಾರುವವರು ಅವರೊಬ್ಬರೇ ಆದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಸದ್ದು ಮಾಡದೆ ನಡೆಯುವ, ಮೀನು ಬೆದರದಿರಲೆಂದು ಮಾತನ್ನೂ ಪಿಸುಗುಟ್ಟಿಯೇ ಆಡುವ ಸಾಧು ಮನುಷ್ಯ. ಡಾಕ್ಟರಮ್ಮ ಫೋನಿನಲ್ಲಿ ಅವರ ಜನ್ಮ ಜಾಲಾಡಿದರು. ಆ ಕಡೆಯಿಂದ "ಹೂಂ ಡಾಕ್ಟರಮ್ಮ, ಹೂಂ ಡಾಕ್ಟರಮ್ಮ" ಎನ್ನುವುದು ಮುಂದಿನ ಮೇಜಿನವರೆಗೂ ಕೇಳಿಸುತ್ತಿತ್ತು. "ಇನ್ನು ನಿಮ್ಮ ಅಂಗಡಿಯ ಒಂದು ಕಲ್ಲೂ ಈ ಮೆಟ್ಟಿಲು ಹತ್ತಲ್ಲ," ಎಂದು ಫೋನ್ ಕುಕ್ಕಿದರು. ಸೊಸೆ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಈಗ ಹೇಳಿದರೆ ಟ್ಯಾಂಕಿನ ಬೀಗದ ಕೈ ಮರಳಿ ಕೊಡಬೇಕು, ಅದು ಹೋದರೆ ಇಡೀ ಮನೆಯಲ್ಲಿ ತನ್ನದು ಎನ್ನಲು ಹೊದಿಕೆ ಬಿಟ್ಟು ಏನೂ ಉಳಿಯುವುದಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆಗಳು ಬಂದವು, ಹೋದವು. ಅವಳು ಊಟದ ವಿರಾಮದಲ್ಲಿ ಕಣ್ಣಿಗೆ ಔಷಧಿ ಬಿಡುವ ಪುಟ್ಟ ಪಿಪೆಟ್ಟು ಹಿಡಿದು ಹುಳ ಹೀರುತ್ತಿದ್ದಳು. ಮಂಗಳವಾರ ಐವತ್ತು, ಬುಧವಾರ ತೊಂಬತ್ತು. ತೆಗೆದಷ್ಟೂ ಹೆಚ್ಚುತ್ತಿದ್ದವು. ಗುರುವಾರದ ಹೊತ್ತಿಗೆ ಅಜ್ಜಿ ಹವಳದ ಅರ್ಧ ಮೈ ತುಕ್ಕು ಹಿಡಿದ ಹಾಗಾಗಿತ್ತು. ಬೆರಳುಗಳನ್ನು ಒಳಕ್ಕೆಳೆದುಕೊಂಡು ಗಟ್ಟಿ ಎಲುಬಷ್ಟೇ ಕಾಣುತ್ತಿತ್ತು. ಒಬ್ಬ ಪುಟ್ಟ ಹುಡುಗಿ ಅದನ್ನು ನೋಡಿ "ಅಜ್ಜಿಗೆ ಹುಷಾರಿಲ್ವಾ?" ಎಂದು ಕೇಳಿ, ಇಂಜೆಕ್ಷನ್ನಿಗೆ ಅಳದವಳು ಅದಕ್ಕೆ ಅತ್ತಳು.

ಶುಕ್ರವಾರ ಬೆಳಗ್ಗೆ ಉಪ್ಪಣ್ಣನೇ ಬಂದರು, ಮೆಟ್ಟಿಲು ಹತ್ತಬೇಡವೆಂದು ಕಲ್ಲಿಗೆ ಹೇಳಿದ್ದೇ ಹೊರತು ತಮಗಲ್ಲ ಎನ್ನುವ ಧೈರ್ಯದ ಮೇಲೆ. ಕೈಯಲ್ಲಿ ಔಷಧಿಯ ಪುಟ್ಟ ಬಾಟಲಿ. ಟ್ಯಾಂಕನ್ನು ಸುತ್ತಿ ನೋಡಿದರು, ನೇರಳೆ ತುಂಡನ್ನು ನೋಡಿದರು, ಮೇಜಿನ ಮೇಲೆ ಬಿದ್ದಿದ್ದ ನೋಟ್‌ಬುಕ್ಕನ್ನೂ ತಿರುವಿ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು. ನಲವತ್ತು ದಿನ ಪುಟ್ಟ ಟ್ಯಾಂಕಿನಲ್ಲಿದ್ದಿದ್ದರೆ ಈ ಹುಳ ಅಲ್ಲೇ ನೂರಾಗಿ ಕುರುಡನಿಗೂ ಕಾಣಿಸುತ್ತಿತ್ತು ಎನ್ನುವುದು ಆ ಕಸುಬಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಸೊಸೆ ತಲೆ ತಗ್ಗಿಸಿದಳು.

ಒಳಗಿನಿಂದ ಡಾಕ್ಟರಮ್ಮ ಬಂದರು. "ಏನ್ ಹೇಳ್ತೀರಿ ಈಗ?"

"ನನ್ ಕಡೆಯಿಂದಾನೇ ಆಗಿರ್ಬೇಕು ಡಾಕ್ಟರಮ್ಮ," ಎಂದರು ಉಪ್ಪಣ್ಣ ಪಿಸುದನಿಯಲ್ಲಿ. "ಔಷಧಿ ತಂದಿದೀನಿ. ಆದ್ರೆ ಒಂದು ಮಾತು. ಇವು ಬದುಕಿದ್ದಾಗ ಮಾಡೋ ಕೇಡು ಕಡಿಮೆ, ಸತ್ತಾಗ ಬಿಡೋ ವಿಷ ಜಾಸ್ತಿ. ಮೊದ್ಲು ಕೈಲಾದಷ್ಟು ಹೀರಿ ತೆಗೀಬೇಕು, ಆಮೇಲೆ ಔಷಧಿ, ಆಮೇಲೆ ಹೊಸ ಉಪ್ಪುನೀರು, ವಿಷ ಹೀರೋಕೆ ಇದ್ದಿಲು. ಭಾನುವಾರ ಬರ್ತೀನಿ, ನಿಮ್ಗೆ ಬೇಡ ಅಂದ್ರೂ ಬರ್ತೀನಿ." ಬಾಟಲಿ ಇಟ್ಟು, ಸದ್ದಿಲ್ಲದೆ ಇಳಿದು ಹೋದರು.

ಬೈಗುಳ ತಿಂದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ತನ್ನ ಪಾಲಿನ ಬೈಗುಳವನ್ನು ಇನ್ನೊಬ್ಬರು ಸುಮ್ಮನೆ ತಿಂದು ಹೋದದ್ದು ಅವಳಿಗೆ ತಡೆಯಲಾಗಲಿಲ್ಲ.

ಅವತ್ತು ನರ್ಸ್ ರಜೆಯಲ್ಲಿದ್ದಳು. ಹನ್ನೊಂದು ಗಂಟೆಗೆ ಒಬ್ಬ ಬಸ್ ಕಂಡಕ್ಟರ್ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದಿದ್ದ. ಡಾಕ್ಟರಮ್ಮ ಹಿಂದಿನ ದವಡೆ ಹಲ್ಲು ಕೊರೆಯುತ್ತಿದ್ದರು. ಎಂಜಲು ಹೀರುವ ಸಕ್ಷನ್ ಕೊಳವೆ ಹಿಡಿದು ಸೊಸೆ ಪಕ್ಕದಲ್ಲಿ ನಿಂತಿದ್ದಳು. ಡ್ರಿಲ್ ಒಂದು ಕ್ಷಣ ನಿಂತಿತು.

"ಅತ್ತೆ," ಎಂದಳು.

ಕ್ಲಿನಿಕ್ಕಿನೊಳಗೆ ಆ ಶಬ್ದ ಕೇಳಿ ಡಾಕ್ಟರಮ್ಮ ಕತ್ತೆತ್ತಿದರು. ಕಂಡಕ್ಟರನೂ ಕಣ್ಣು ಹೊರಳಿಸಿದ.

"ಆ ತುಂಡನ್ನ ನಾನು ಹದಿಮೂರನೇ ದಿನಕ್ಕೇ ದೊಡ್ಡ ಟ್ಯಾಂಕಿಗೆ ಹಾಕಿದ್ದೆ. ನೋಟ್‌ಬುಕ್ಕಲ್ಲಿ ಸುಳ್ಳು ಬರೆದೆ. ಉಪ್ಪಣ್ಣಂದು ಏನೂ ತಪ್ಪಿಲ್ಲ. ಅವ್ರಿಗೆ ಗೊತ್ತಾಗಿಯೂ ಸುಮ್ನೆ ಹೋದ್ರು."

ಕಂಡಕ್ಟರನ ಕಣ್ಣು ಸೊಸೆಯಿಂದ ಅತ್ತೆಗೆ, ಅತ್ತೆಯಿಂದ ಸೊಸೆಗೆ ಓಡಾಡಿತು. ಬಡಪಾಯಿ, ಎದ್ದು ಹೋಗುವಂತಿಲ್ಲ, ಕಿವಿ ಮುಚ್ಚಿಕೊಳ್ಳುವಂತೆಯೂ ಇಲ್ಲ.

"ಯಾಕೆ?" ಎಂದರು ಡಾಕ್ಟರಮ್ಮ.

"ಮುದುಡ್ಕೊಂಡು ಕೂತಿತ್ತು. ನೋಡಕ್ಕಾಗ್ಲಿಲ್ಲ."

ಡಾಕ್ಟರಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಊರೆಲ್ಲ ಹೆದರುವ ಆ ನೋಟ. ಸೊಸೆಯ ಕೈಯಲ್ಲಿದ್ದ ಕೊಳವೆ ಜಾರಿ ಕಂಡಕ್ಟರನ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿಯಿತು.

"ಕೈ ಅಲ್ಲಾಡಿಸ್ಬೇಡ," ಎಂದರು ಡಾಕ್ಟರಮ್ಮ. ಮತ್ತೆ ಡ್ರಿಲ್ ಶುರುವಾಯಿತು.

ಕೆಲಸ ಮುಗಿದು ಕುರ್ಚಿ ಮೇಲೆದ್ದಾಗ ಕಂಡಕ್ಟರ್ ಮರಗಟ್ಟಿದ ತುಟಿಯನ್ನು ಕಷ್ಟಪಟ್ಟು ಅಲುಗಾಡಿಸಿ, "ಬಿಟ್ಬಿಡಿ ಡಾಕ್ಟರಮ್ಮ, ಚಿಕ್ಕ ವಯಸ್ಸು," ಎಂದ. "ನೀವು ಎರಡು ಗಂಟೆ ಏನೂ ತಿನ್ಬೇಡಿ, ಏನೂ ಮಾತಾಡ್ಬೇಡಿ," ಎಂದು ಡಾಕ್ಟರಮ್ಮ ಅವನ ಬಾಯಿ ಮುಚ್ಚಿಸಿದರು.

ಆಮೇಲೆ ಒಂದು ಮಾತಿಲ್ಲ. ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಮನೆಯಲ್ಲಿ ಅತ್ತೆ ತಟ್ಟೆ ಇಟ್ಟರು, ತಟ್ಟೆ ತೆಗೆದರು. ಗಂಡ ಇಬ್ಬರ ಮುಖವನ್ನೂ ನೋಡಿ, ಎಲ್ಲಿಯೋ ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಎಂದು ನೆನಪಿಸಿಕೊಂಡು ಎದ್ದು ಹೋದ. ಶನಿವಾರ ಸಂಜೆ ಅತ್ತೆ ಗೋಡೆಗೆ ಹೇಳುವ ಹಾಗೆ ಹೇಳಿದರು: "ನಾಳೆ ಎಂಟಕ್ಕೆ. ಎರಡು ಡ್ರಮ್ ಉಪ್ಪುನೀರು ಬೇಕು." ಅದು ಕ್ಷಮೆಯೋ ಶಿಕ್ಷೆಯೋ ಸೊಸೆಗೆ ತಿಳಿಯಲಿಲ್ಲ. ಬಹುಶಃ ಟ್ಯಾಂಕಿನ ಕೊನೆಯ ಕೆಲಸ ಇದೇ, ಆಮೇಲೆ ಬೀಗದ ಕೈ ವಾಪಸ್ ಕೇಳುತ್ತಾರೆ ಎಂದುಕೊಂಡಳು.

ಭಾನುವಾರ ಕ್ಲಿನಿಕ್ಕಿಗೆ ರಜೆ. ಎಂಟಕ್ಕೆ ಮೂವರೂ ಸೇರಿದರು. ಡಾಕ್ಟರಮ್ಮ ಸ್ಟೋರ್ ರೂಮಿನಿಂದ ಹಳೆಯ ಸಕ್ಷನ್ ಯಂತ್ರವನ್ನು ಉರುಳಿಸಿಕೊಂಡು ಬಂದರು. ಹೊಸದು ಬಂದ ಮೇಲೆ ಮೂಲೆ ಸೇರಿದ್ದ ಯಂತ್ರ. ಬಾಗಿದ ತುದಿಯ ಸಣ್ಣ ಕೊಳವೆ, ಹೀರಿದ್ದು ಬಂದು ಬೀಳಲು ಒಂದು ಗಾಜಿನ ಜಾಡಿ.

ಉಪ್ಪಣ್ಣ ಕಣ್ಣರಳಿಸಿದರು. "ಡಾಕ್ಟರಮ್ಮ, ಇದು ಬಾಯಿಗೆ ಹಾಕೋದಲ್ವಾ?"

"ಮೂವತ್ತು ವರ್ಷದಿಂದ ಜನರ ಎಂಜಲು ಹೀರಿದೆ, ಹುಳ ಹೀರಕ್ಕೆ ನಾಚ್ಕೋಬೇಕಾ?" ಎಂದು ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು. "ನನ್ ಸೊಂಟ ಬಗ್ಗಲ್ಲ. ನೀನು ಹಿಡಿ. ಹವಳಕ್ಕೆ ತಾಗಿಸ್ಬೇಡ. ಒಸಡಿಗೆ ತಾಗದ ಹಾಗೆ ಹಲ್ಲಿನ ಅಂಚಿಗೆ ಹೇಗೆ ಹಿಡೀತೀಯೋ ಹಾಗೆ."

ಸೊಸೆ ಹಿಡಿದಳು. ಕೊಳವೆ ಗೊಳಗೊಳ ಎಂದು ಹುಳಗಳನ್ನು ಸೆಳೆಯಿತು. ಪಿಪೆಟ್ಟಿನಲ್ಲಿ ಇಡೀ ವಾರ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು. ಜಾಡಿಯ ತಳದಲ್ಲಿ ತುಕ್ಕುಬಣ್ಣದ ಕೆಸರು ಬೆರಳುದ್ದ ಏರಿತು. ಕಲ್ಲು ಕಲ್ಲಾಗಿ, ಗಾಜು ಗಾಜಾಗಿ ಕಾಣತೊಡಗಿದಾಗ ಉಪ್ಪಣ್ಣ ಔಷಧಿಯ ಹನಿಗಳನ್ನು ಎಣಿಸಿ ಬಿಟ್ಟರು.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಉಳಿದ ಹುಳಗಳು ಹಿಡಿತ ಬಿಟ್ಟು, ಸುರುಳಿ ಸುತ್ತಿ, ನೀರಿನಲ್ಲಿ ತೇಲತೊಡಗಿದವು. ಮೊದಲು ಹತ್ತಾರು, ಆಮೇಲೆ ನೂರಾರು. ಕಲ್ಲುಗಳ ಸಂದಿಯಿಂದ, ಅಜ್ಜಿ ಹವಳದ ಅಡಿಯಿಂದ, ಯಾರೂ ಊಹಿಸದ ಬಿಲಗಳಿಂದ ಬರುತ್ತಲೇ ಇದ್ದವು. ಕಣ್ಣಿಗೆ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚಿತ್ತು. ಸೊಸೆ ಎಷ್ಟು ಬೇಗ ಹೀರಿದರೂ ಸಾಲದಾಯಿತು. ನೀರು ಮೆಲ್ಲಗೆ ಕಂದಾಯಿತು.

"ಮೀನು ನೋಡಿ," ಎಂದರು ಉಪ್ಪಣ್ಣ. ಮೊದಲ ಸಲ ಅವರ ದನಿ ಏರಿತ್ತು.

ಹೆಂಡತಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿತ್ತು. ಗಂಡ ಮೀನು ಯಾವಾಗಲೂ ಅವಳ ಹಿಂದಿರಬೇಕಾದದ್ದು, ತಳದ ಮರಳಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಕಿವಿರು ಪಟಪಟನೆ ಬಡಿಯುತ್ತಿತ್ತು.

"ನೀರು!" ಎಂದರು ಡಾಕ್ಟರಮ್ಮ. ಸೊಂಟವನ್ನು ಮರೆತು ಎದ್ದು ನಿಂತಿದ್ದರು.

ಹಳೆಯ ನೀರನ್ನು ಪೈಪಿನಲ್ಲಿ ಹೊರಗೆ ಬಿಟ್ಟು ಒಂದು ಡ್ರಮ್ ಹೊಸ ನೀರು ಸುರಿದರು. ಎರಡನೆಯದನ್ನೂ ಸುರಿದರು. ಉಪ್ಪಣ್ಣ ಇದ್ದಿಲಿನ ಚೀಲ ಇಳಿಬಿಟ್ಟರು. ನೀರು ತುಸು ತಿಳಿಯಾಯಿತು, ಆದರೆ ಗಂಡ ಮೀನು ಮೇಲೇಳಲಿಲ್ಲ. ಹೆಂಡತಿ ಮೀನು ಕೆಳಗಿಳಿದು ಅವನನ್ನು ಮೂತಿಯಿಂದ ತಿವಿದು ಮತ್ತೆ ಉಸಿರಿಗೆಂದು ಮೇಲಕ್ಕೆ ಹೋಯಿತು.

"ಇನ್ನೂ ನೀರು ಬೇಕಿತ್ತು," ಎಂದರು ಉಪ್ಪಣ್ಣ. "ಈಗ ಉಪ್ಪು ಕಲ್ಸಿದ್ರೆ ಹದಕ್ಕೆ ಬರೋಕೆ ಸಂಜೆ ಆಗುತ್ತೆ. ತಪ್ಪಾಯ್ತು, ನಾನಾದ್ರೂ ತರ್ಬೇಕಿತ್ತು."

"ಎರಡು ಸಾಕು ಅಂದ್ಕೊಂಡೆ," ಎಂದರು ಡಾಕ್ಟರಮ್ಮ. ಅವರ ಮುಖ ಬಿಳಿಚಿಕೊಂಡಿತ್ತು. ಹನ್ನೊಂದು ವರ್ಷ ಸಾಕಿದ ಜೀವದ ಎದುರು ಕೈಚೆಲ್ಲಿ ನಿಂತ ಅತ್ತೆಯನ್ನು ಸೊಸೆ ಅದೇ ಮೊದಲು ನೋಡಿದ್ದು.

"ಇನ್ನೂ ಮೂರು ಡ್ರಮ್ ಇದೆ," ಎಂದಳು.

"ಎಲ್ಲಿ?"

"ಎಕ್ಸ್-ರೇ ರೂಮಲ್ಲಿ. ಶುಕ್ರವಾರ ಒಂದು, ನಿನ್ನೆ ಎರಡು. ಶುದ್ಧ ಮಾಡಿದ ನೀರಿಗೆ ಉಪ್ಪು ಹಾಕಿ, ಪಂಪು ಹೀಟರು ಎರಡೂ ಬಿಟ್ಟಿದೀನಿ. ಹದ ನೋಡಿದೀನಿ, ಮೂರು ಸಲ ನೋಡಿದೀನಿ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ ಅತ್ತೆ. ಭಯಕ್ಕೆ ಮಾಡ್ದೆ. ಡ್ರಮ್ ನಿಮ್ಮಗ ಎತ್ತಿಟ್ರು. ಯಾಕೆ ಅಂತ ಅವ್ರೂ ಕೇಳ್ಲಿಲ್ಲ."

"ಅವನು ಯಾವತ್ತು ಕೇಳಿದಾನೆ!" ಎಂದರು ಅತ್ತೆ. ಆಗಲೇ ಎಕ್ಸ್-ರೇ ರೂಮಿನ ಕಡೆ ಹೊರಟಿದ್ದರು.

ಮೂರನೆಯ ಡ್ರಮ್ ಹೋಯಿತು, ನಾಲ್ಕನೆಯದೂ ಹೋಯಿತು. ಮೂವರೂ ಮೊಣಕಾಲಿನವರೆಗೆ ಒದ್ದೆ. ಕಾಯುವ ಕೋಣೆಯ ನೆಲದಲ್ಲಿ ಪತ್ರಿಕೆಗಳು ತೇಲುತ್ತಿದ್ದವು. ಐದನೆಯ ಡ್ರಮ್ಮಿನ ಅರ್ಧ ಸುರಿಯುವ ಹೊತ್ತಿಗೆ ಗಂಡ ಮೀನು ಒಮ್ಮೆ ಬಾಲ ಬಡಿಯಿತು. ನೆಟ್ಟಗಾಯಿತು, ಮತ್ತೆ ವಾಲಿತು, ಮತ್ತೆ ನೆಟ್ಟಗಾಯಿತು. ಹೆಂಡತಿ ಮೀನು ಸರಕ್ಕನೆ ಇಳಿದು ಬಂದು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವ ಹಾಗೆ ಅವನನ್ನು ಒಂದು ಸುತ್ತು ಅಟ್ಟಿಸಿಕೊಂಡು ಹೋಯಿತು. ಅವನು ಓಡಿದ. ಅದನ್ನು ನೋಡಿ ಸೊಸೆಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಅತ್ತಳು.

ರೋಗಿಗಳು ಕೂರುವ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ಡಾಕ್ಟರಮ್ಮ ಸೀರೆಯ ಅಂಚು ಹಿಂಡಿಕೊಳ್ಳುತ್ತಾ, "ಅವತ್ತು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ. ತಪ್ಪು ನಮ್ಮನೇದೇ," ಎಂದರು.

"ಗೊತ್ತಿತ್ತು ಡಾಕ್ಟರಮ್ಮ."

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ಆ ಮಗು ನಿಮ್ಮ ಬೈಗುಳಕ್ಕೆ ಇನ್ನೂ ಹೊಸದು. ನಂಗೆ ಹನ್ನೊಂದು ವರ್ಷದ ಅಭ್ಯಾಸ," ಎಂದರು ಉಪ್ಪಣ್ಣ. ಡಾಕ್ಟರಮ್ಮ ನಗಬಾರದೆಂದು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ.

ಉಪ್ಪಣ್ಣ ಹೋದ ಮೇಲೆ ಸೊಸೆ ಎದ್ದು, ನೇರಳೆ ತುಂಡನ್ನು ಟ್ಯಾಂಕಿನಿಂದ ತೆಗೆದು ಬಟ್ಟಲಿಗೆ ಹಾಕಿಕೊಂಡಳು.

"ಎಲ್ಲಿಗೆ?" ಎಂದರು ಅತ್ತೆ.

"ಕಸಕ್ಕೆ. ಇದ್ರಿಂದಾನೇ ಅಲ್ವಾ ಇಷ್ಟೆಲ್ಲಾ."

"ಅದು ಕಾಲಿಟ್ಕೊಂಡು ನಡ್ಕೊಂಡು ಬಂತಾ? ಇದ್ದಲ್ಲೇ ಇಡು. ಈಗ ಅಲ್ಲಿ ಒಗ್ಗಿದೆ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಹುಳ ಬಂದಿದ್ದಕ್ಕೆ ನಂಗೆ ಕೋಪ ಇಲ್ಲ. ಹುಳ ಯಾರ ಮನೆಗೂ ಬರುತ್ತೆ. ಸುಳ್ಳು ಬರೆದಿದ್ದಕ್ಕಿದೆ. ಅದು ಇನ್ನೂ ನಾಲ್ಕು ದಿನ ಇರುತ್ತೆ, ಸಹಿಸ್ಕೋ. ಇನ್ನು ಸ್ಟೋರ್ ರೂಮಿನ ದೀಪ. ಅದು ಅಷ್ಟು ಮಂಕು ಅಂತ ನಂಗೆ ಗೊತ್ತಿರ್ಲಿಲ್ಲ. ಯಾವ ಜೀವ ಆದ್ರೂ ಮುದುಡುತ್ತೆ. ಹೇಳ್ಬೇಕಿತ್ತು ನೀನು."

"ಹೇಳಕ್ಕೆ ಭಯ ಆಗಿತ್ತು."

ಅತ್ತೆ ಹಿಂಡಿದ ಅಂಚನ್ನೇ ಮತ್ತೆ ಹಿಂಡಿದರು. ಟ್ಯಾಂಕಿನ ಬೀಗದ ಕೈ ಯಾರ ಬಳಿ ಇರಬೇಕೆನ್ನುವ ಮಾತು ಅವತ್ತೂ ಬರಲಿಲ್ಲ. ಸೊಸೆ ಇಡೀ ವಾರ ಅದನ್ನು ಕಾದಳು. ಕೋಪ ನಾಲ್ಕು ದಿನ ಎಂದದ್ದು ನಾಲ್ಕೇ ದಿನ ಇತ್ತು. ಗುರುವಾರ ಸ್ಟೋರ್ ರೂಮಿಗೆ ಹೊಸ ದೀಪ ಬಂತು. ಗಂಡನೇ ಏಣಿ ಹತ್ತಿ ಹಾಕಿದ. ಅಜ್ಜಿ ಹವಳ ಒಂದು ಮಗ್ಗುಲಿನಿಂದ ಮೆಲ್ಲಗೆ ಬೆರಳು ಹೊರಹಾಕತೊಡಗಿತ್ತು. ಇನ್ನೊಂದು ಮಗ್ಗುಲು ಬೋಳಾಗಿಯೇ ಇತ್ತು. ಅದು ಬರುತ್ತದೋ ಇಲ್ಲವೋ ಹೇಳಲು ತಿಂಗಳುಗಳೇ ಬೇಕು ಎಂದಿದ್ದರು ಉಪ್ಪಣ್ಣ.

ಅಡಗಿ ಉಳಿದ ಹುಳಗಳಿಗಾಗಿ ಔಷಧಿಯನ್ನು ವಾರದ ನಂತರ ಎರಡನೆಯ ಸಲ ಹಾಕಬೇಕಿತ್ತು. ಮುಂದಿನ ಭಾನುವಾರ ಉಪ್ಪಣ್ಣನಿಗೆ ಬರಲಾಗಲಿಲ್ಲ. ಅತ್ತೆ ಮತ್ತು ಸೊಸೆ ಇಬ್ಬರೇ ಬಂದರು. ಸೊಸೆ ಬಾಟಲಿ ತಂದು ಅತ್ತೆಯ ಕೈಗೆ ಕೊಡಹೋದಳು.

"ನಂಗ್ಯಾಕೆ ಕೊಡ್ತೀಯ? ನೀನೇ ಹಾಕು," ಎಂದು ಅವರು ಮೂಲೆಯ ಬೆಂಚಿಗೆ ಹೋಗಿ, ಹಳೆಯ ಪತ್ರಿಕೆ ಬಿಡಿಸಿಕೊಂಡು ಕೂತರು.

ಸೊಸೆ ಹನಿ ಎಣಿಸಿದಳು. ಎಣಿಸಿದ್ದನ್ನು ಬಾಯಲ್ಲಿ ಮತ್ತೆ ಎಣಿಸಿದಳು. ಕೊಳವೆ ಹಿಡಿದು, ಮೈಯೆಲ್ಲ ಕಣ್ಣಾಗಿ ಕಾದಳು. ಬೆನ್ನ ಹಿಂದೆ ಅತ್ತೆಯ ನೋಟ ಇದ್ದೇ ಇದೆ ಎಂದು ಅವಳಿಗೆ ಗೊತ್ತಿತ್ತು. ಒಂದೂವರೆ ವರ್ಷದಿಂದ ಆ ನೋಟ ಅವಳ ಬೆನ್ನಿನ ಮೇಲೇ ಇತ್ತು, ಒಲೆಯ ಮುಂದೆ ನಿಂತಾಗಲೂ, ಮೇಜಿನ ಮುಂದೆ ಕೂತಾಗಲೂ. ಹತ್ತು ನಿಮಿಷಕ್ಕೆ ಕಲ್ಲಿನ ಸಂದಿಯಿಂದ ಒಂದು ಹುಳ ಸುರುಳಿ ಸುತ್ತಿ ಬಿತ್ತು. ಹೀರಿದಳು. ಇಪ್ಪತ್ತು ನಿಮಿಷಕ್ಕೆ ಇನ್ನೊಂದು. ಅದನ್ನೂ ಹೀರಿದಳು. ಮೀನುಗಳೆರಡೂ ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ಮುಕ್ಕಾಲು ಗಂಟೆ ಕಳೆಯಿತು. ಬೇರೇನೂ ಬೀಳಲಿಲ್ಲ.

"ಎರಡೇ ಎರಡು," ಎಂದಳು. ಉತ್ತರ ಬರಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ಹೆದರಿ ತಿರುಗಿ ನೋಡಿದಳು.

ಪತ್ರಿಕೆ ನೆಲಕ್ಕೆ ಜಾರಿತ್ತು. ಡಾಕ್ಟರಮ್ಮ ಗೋಡೆಗೆ ತಲೆ ಆನಿಸಿ, ಮೂವತ್ತು ವರ್ಷ ಬಿಗಿಹಿಡಿದ ಬಾಯನ್ನು ಅಗಲಿಸಿಕೊಂಡು, ಗೊರಕೆ ಹೊಡೆಯುತ್ತಿದ್ದರು. ಸಣ್ಣ ಗೊರಕೆಯಲ್ಲ, ಪಂಪಿನ ಸದ್ದನ್ನೂ ಮೀರಿಸುವಂಥದ್ದು. ಔಷಧಿ ನೀರಿಗೆ ಬಿದ್ದ ಗಳಿಗೆಯಲ್ಲಿ, ಹನ್ನೊಂದು ವರ್ಷದ ಟ್ಯಾಂಕನ್ನು ಇವಳ ಕೈಯಲ್ಲಿ ಬಿಟ್ಟು, ಆ ಹೆಂಗಸು ನಿದ್ದೆ ಹೋಗಿದ್ದರು.

ಸೊಸೆ ಕೊಳವೆ ಹಿಡಿದೇ ಸುಮ್ಮನೆ ನಿಂತಳು. ನಗು ಉಕ್ಕಿ ಬಂತು. ಎಚ್ಚರವಾದೀತೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸದ್ದಾಗದ ಹಾಗೆ ಬಕೆಟ್ ಎತ್ತಿಕೊಂಡು ಹೊಸ ನೀರು ತರಲು ಒಳಗೆ ಹೋದಳು.